ಗಿಟಾರಿನ ಕುತ್ತಿಗೆಯೊಳಗಿನ ಉಕ್ಕಿನ ಸರಳು

ಮೊಮ್ಮಗನ ಬೇಸ್ ಗಿಟಾರು ನಮ್ಮ ನಡುಮನೆಯಲ್ಲೇ ಇರುತ್ತದೆ. ಮಳೆಗಾಲ ಬಂತೆಂದರೆ ಅವನು ಆರು ಮೂಲೆಯ ಸಣ್ಣ ಕೀಲಿಯೊಂದನ್ನು ಹಿಡಿದು ಅದರ ಕುತ್ತಿಗೆಯ ತುದಿಯಲ್ಲಿ ಏನನ್ನೋ ತಿರುಗಿಸುತ್ತಾನೆ. ಈ ಸಣ್ಣ ಕೆಲಸಕ್ಕೂ ನೂರು ವರ್ಷ ಮೀರಿದ ಇತಿಹಾಸವಿದೆಯೆಂದು ತಿಳಿದಾಗ, ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು. ತರಗತಿಯಲ್ಲಿ ನಾನು ನಿಮಗೆ ಕಲಿಸಿದ್ದು ಹೆಚ್ಚಾಗಿ ಯುದ್ಧ, ಒಪ್ಪಂದಗಳ ಇತಿಹಾಸವನ್ನೇ. ಬಡಗಿಗಳ ಇತಿಹಾಸಕ್ಕೆ ಪಠ್ಯಕ್ರಮದಲ್ಲಿ ಜಾಗವಿರಲಿಲ್ಲ.

ಮೊದಲು ತೊಂದರೆ ಏನೆಂಬುದನ್ನು ನೋಡೋಣ. ಬೇಸ್ ಗಿಟಾರಿನ ನಾಲ್ಕು ದಪ್ಪ ತಂತಿಗಳನ್ನು ಶ್ರುತಿಗೆ ತಂದಾಗ ಅವುಗಳ ಒಟ್ಟು ಎಳೆತ ಸುಮಾರು 70ರಿಂದ 80 ಕಿಲೋ. ಒಬ್ಬ ಆಳಿನ ತೂಕ ಹಗಲಿರುಳೂ ಒಂದು ತೆಳು ಮರದ ಪಟ್ಟಿಯನ್ನು ಜಗ್ಗುತ್ತಿದ್ದಂತೆ. ಮರವು ಮುಂದಕ್ಕೆ ಬಿಲ್ಲಿನಂತೆ ಬಾಗುತ್ತದೆ, ತಂತಿಗಳು ಮೇಲೇಳುತ್ತವೆ, ಒತ್ತಿ ಹಿಡಿಯಲು ಬೆರಳು ಸೋಲುತ್ತವೆ. ಜೊತೆಗೆ ಗಾಳಿಯ ತೇವ ಏರಿಳಿದಂತೆ ಮರವೂ ಹಿಗ್ಗಿ ಕುಗ್ಗುತ್ತದೆ. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ, ದಂಡಿ ಅಲುಗಾಡಿದರೆ ಕುಶಲಕರ್ಮಿಯು ಮೇಣವನ್ನು ಹೊಸದಾಗಿ ಹಾಕಿ ಮೆಟ್ಟಿಲುಗಳನ್ನು ಮತ್ತೆ ಕೂರಿಸಬಲ್ಲ. ಗಿಟಾರಿನ ಮೆಟ್ಟಿಲುಗಳನ್ನಾದರೋ ಮರದಲ್ಲಿ ಗೀರು ಕೊರೆದು ಬಡಿದು ಕೂರಿಸಿರುತ್ತಾರೆ. ಅವನ್ನು ಸರಿಸುವಂತಿಲ್ಲ, ಕುತ್ತಿಗೆಯನ್ನೇ ಸರಿಪಡಿಸಬೇಕು.

ಕರುಳಿನ ತಂತಿಗಳ ಕಾಲದಲ್ಲಿ ಇದು ಇಷ್ಟು ದೊಡ್ಡ ಸಮಸ್ಯೆಯಾಗಿರಲಿಲ್ಲ. ಉಕ್ಕಿನ ತಂತಿಗಳು ಬಂದ ಮೇಲೆ ಅಮೆರಿಕದ ವಾದ್ಯ ತಯಾರಕರು ಕುತ್ತಿಗೆಯನ್ನು ದಪ್ಪ ಮಾಡಿ, ಒಳಗೆ ಗಟ್ಟಿ ಮರದ ಪಟ್ಟಿ ಸೇರಿಸಿ ಬಾಗುವಿಕೆಯನ್ನು ಎದುರಿಸಿದರು. ದಪ್ಪ ಕುತ್ತಿಗೆ ಕೈಗೆ ಒಗ್ಗುವುದಿಲ್ಲ. ಮಿಚಿಗನ್ ರಾಜ್ಯದ ಕಲಾಮಜೂ ಊರಿನಲ್ಲಿದ್ದ ಗಿಬ್ಸನ್ ಕಂಪನಿಯ ಮರಗೆಲಸಗಾರ ಥ್ಯಾಡಿಯಸ್ ಮೆಕ್‌ಹ್ಯೂ ಬೇರೆ ದಾರಿ ಹಿಡಿದ. ಮರ ಬಾಗುತ್ತದೆ, ಬಾಗಲಿ. ಬಾಗಿದಾಗ ತಿದ್ದಲು ಒಳಗೊಂದು ಸಾಧನವಿರಲಿ ಎಂಬುದು ಅವನ ಯೋಚನೆ. ಬೆರಳುಹಲಗೆಯ ಅಡಿಯಲ್ಲಿ ಕಾಲುವೆಯಂತೆ ಕೊರೆದು ಉಕ್ಕಿನ ಸರಳೊಂದನ್ನು ಹುದುಗಿಸಿದ. ಅದರ ಒಂದು ತುದಿ ಭದ್ರ, ಇನ್ನೊಂದು ತುದಿಗೆ ನಟ್ಟು. ನಟ್ಟನ್ನು ಬಿಗಿದರೆ ಸರಳು ತಂತಿಗಳ ಎಳೆತಕ್ಕೆ ಎದುರಾಗಿ ಕುತ್ತಿಗೆಯನ್ನು ಹಿಂದಕ್ಕೆ ತರುತ್ತದೆ. 1921ರಲ್ಲಿ ಅರ್ಜಿ ಹಾಕಿ, 1923ರ ಫೆಬ್ರವರಿಯಲ್ಲಿ ಪೇಟೆಂಟ್ ಪಡೆದ. ಇದನ್ನೇ ಈಗ ಟ್ರಸ್ ರಾಡ್ ಎನ್ನುತ್ತಾರೆ. ನಿಮ್ಮಲ್ಲಿ ಎಂಜಿನಿಯರುಗಳಾದವರಿಗೆ ಟ್ರಸ್ ಎಂಬ ಶಬ್ದ ಸೇತುವೆ, ಛಾವಣಿಗಳಿಂದ ಪರಿಚಿತ.

ಗಿಬ್ಸನ್ ಆ ನಟ್ಟನ್ನು ತಲೆಯ ಕಡೆ, ಗಂಟೆಯಾಕಾರದ ಪುಟ್ಟ ಮುಚ್ಚಳದ ಕೆಳಗೆ ಇಟ್ಟಿತು. ಎರಡು ತಿರುಪು ತೆಗೆದರೆ ಕೈಗೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೆಕ್‌ಹ್ಯೂನ ನಿಜವಾದ ಕೊಡುಗೆ ಸರಳಿಗಿಂತ ಹೆಚ್ಚಾಗಿ ಇದೇ: ವಾದ್ಯವನ್ನು ಕಾರ್ಖಾನೆಗೆ ಹೊತ್ತೊಯ್ಯದೆ, ನುಡಿಸುವವನೇ ಮನೆಯಲ್ಲಿ ಕೂತು ಸರಿಪಡಿಸಿಕೊಳ್ಳಬಹುದು.

ಪೇಟೆಂಟಿನ ಅವಧಿ 17 ವರ್ಷ. 1940ರವರೆಗೆ ಇತರರಿಗೆ ಈ ದಾರಿ ಮುಚ್ಚಿತ್ತು. ಮಾರ್ಟಿನ್ ಕಂಪನಿ 1934ರಲ್ಲಿ 'ಟಿ' ಆಕಾರದ ಉಕ್ಕಿನ ಪಟ್ಟಿಯನ್ನು ಕುತ್ತಿಗೆಯಲ್ಲಿ ಹುದುಗಿಸಿತಾದರೂ ಅದನ್ನು ತಿರುಗಿಸಿ ಹೊಂದಿಸುವಂತಿರಲಿಲ್ಲ. ಪೇಟೆಂಟ್ ಮುಗಿದ ಮೇಲೂ ಆ ಸಂಸ್ಥೆ ಹೊಂದಿಸಬಲ್ಲ ಸರಳಿಗೆ ಬಂದದ್ದು 1985ರಲ್ಲಿ! ಕರಕುಶಲ ಪರಂಪರೆಗಳಲ್ಲಿ ಇಂಥ ಹಟ ಎಲ್ಲ ದೇಶಗಳಲ್ಲೂ ಉಂಟು.

ಇನ್ನು ಬೇಸ್ ಗಿಟಾರಿನ ವಿಷಯ. ನಿಲ್ಲಿಸಿ ನುಡಿಸುವ ದೊಡ್ಡ ಬೇಸ್ ವಾದ್ಯವನ್ನು ಹೊತ್ತು ತಿರುಗುವುದು ಕಷ್ಟವೆಂದು ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ 1930ರ ದಶಕದಲ್ಲೇ ಗಿಟಾರಿನಂತೆ ಅಡ್ಡ ಹಿಡಿಯುವ, ಮೆಟ್ಟಿಲುಗಳಿರುವ ವಿದ್ಯುತ್ ಬೇಸನ್ನು ಮಾಡಿ ಮಾರಿದ್ದ. ಅದು ಹೆಚ್ಚು ದೂರ ಹೋಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್ ಜಗತ್ತನ್ನು ಗೆದ್ದಿತು. ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. ರಿಪೇರಿಯವನ ಬುದ್ಧಿ ಮಾತ್ರ ಅವನ ವಾದ್ಯದಲ್ಲೆಲ್ಲ ಕಾಣುತ್ತದೆ. ಕುತ್ತಿಗೆಯನ್ನು ಅಂಟಿಸದೆ ನಾಲ್ಕು ತಿರುಪುಗಳಿಂದ ಕೂಡಿಸಿದ; ಕೆಟ್ಟರೆ ಬಿಚ್ಚಿ ಬದಲಿಸಬಹುದು.

ಆದರೆ ಈ ಫೆಂಡರನೇ 1950ರಲ್ಲಿ ತನ್ನ ಮೊದಲ ಎಸ್ಕ್ವೈರ್ ಗಿಟಾರುಗಳಿಗೆ ಸರಳು ಹಾಕಿರಲಿಲ್ಲ. ಮೇಪಲ್ ಮರ ಗಟ್ಟಿ, ಬಾಗದು ಎಂಬ ನಂಬಿಕೆ. ಕುತ್ತಿಗೆಗಳು ಬಾಗಿದವು, ದೂರುಗಳು ಬಂದವು. ಅದೇ ವರ್ಷದೊಳಗೆ ಹಿಂಬದಿಯಿಂದ ಗಾಡಿ ಕೊರೆದು ಸರಳು ಸೇರಿಸಿ, ಆ ಗಾಡಿಯನ್ನು ವಾಲ್‌ನಟ್ ಮರದ ಪಟ್ಟಿಯಿಂದ ಮುಚ್ಚಲಾಯಿತು. ಅನೇಕ ಫೆಂಡರ್ ವಾದ್ಯಗಳ ಕುತ್ತಿಗೆಯ ಹಿಂಭಾಗದಲ್ಲಿ ಕಾಣುವ ಕಪ್ಪು ಗೆರೆ ಅಲಂಕಾರವಲ್ಲ, ಇದೇ ಪಟ್ಟಿ. ಮರುವರ್ಷ ಬಂದ ಬೇಸಿಗೆ ಸರಳು ಮೊದಲಿನಿಂದಲೂ ಇತ್ತು. ಅದರ ತಂತಿಯ ಉದ್ದ 34 ಅಂಗುಲ, ಹಾಗಾಗಿ ಕುತ್ತಿಗೆ ಇನ್ನೂ ನೀಳ. ನಟ್ಟನ್ನು ಮಾತ್ರ ಒಡಲಿನ ಕಡೆ ಇಟ್ಟಿದ್ದರಿಂದ, ಹಳೆಯ ಫೆಂಡರುಗಳಲ್ಲಿ ಅದನ್ನು ಸರಿಯಾಗಿ ತಿರುಗಿಸಲು ಕುತ್ತಿಗೆಯನ್ನೇ ಸಡಿಲಿಸಬೇಕಾಗುತ್ತಿತ್ತು. ಈ ಒಂದು ಅಂಶದಲ್ಲಿ ಮೆಕ್‌ಹ್ಯೂನೇ ಜಾಣ.

ಮೊಮ್ಮಗ ಮಾಡುವ ಕ್ರಮ ಹೀಗಿದೆ. ಶ್ರುತಿ ಸೇರಿಸಿ, ದಪ್ಪ ತಂತಿಯನ್ನು ಮೊದಲ ಮೆಟ್ಟಿಲಿನಲ್ಲೂ ಕುತ್ತಿಗೆ ಒಡಲನ್ನು ಸೇರುವ ಕಡೆಯ ಮೆಟ್ಟಿಲಿನಲ್ಲೂ ಒಟ್ಟಿಗೆ ಒತ್ತುತ್ತಾನೆ. ಆಗ ತಂತಿಯೇ ಅಳತೆಪಟ್ಟಿ. ನಡುವೆ, ಏಳು ಎಂಟನೆಯ ಮೆಟ್ಟಿಲ ಬಳಿ, ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಇರಬೇಕು. ಹೆಚ್ಚಿದ್ದರೆ ನಟ್ಟನ್ನು ಬಲಕ್ಕೆ, ಸಂದೇ ಇಲ್ಲದಿದ್ದರೆ ಎಡಕ್ಕೆ. ಒಂದು ಸಲಕ್ಕೆ ಕಾಲು ಸುತ್ತು ಮೀರಬಾರದು. ಆಮೇಲೆ ಶ್ರುತಿ ಸರಿಮಾಡಿ, ಮತ್ತೆ ಅಳೆಯಬೇಕು. ನಟ್ಟು ತಿರುಗಲು ಒಲ್ಲೆನೆಂದರೆ ಬಲಪ್ರಯೋಗ ಕೂಡದು. ಸರಳು ಮುರಿದರೆ ಕುತ್ತಿಗೆಯನ್ನೇ ಸೀಳಬೇಕಾದೀತು.

ಫೆಂಡರನ ಹೆಸರು ಪ್ರತಿ ವಾದ್ಯದ ತಲೆಯ ಮೇಲಿದೆ, ಗಿಬ್ಸನ್ನನದೂ ಇದೆ. ಮೆಕ್‌ಹ್ಯೂನ ಹೆಸರನ್ನು ನಮ್ಮ ಹುಡುಗ ಕೇಳಿರಲಿಲ್ಲ. ಅವನ ವಾದ್ಯವನ್ನು ಮಾರಿದ ಅಂಗಡಿಯವರೂ ಕೇಳಿರಲಿಲ್ಲ. ಅಮೆರಿಕದ ಆ ಪೇಟೆಂಟಿನ ಸಂಖ್ಯೆ 1446758. ಅಂತರ್ಜಾಲದಲ್ಲಿ ಅದರ ನಕ್ಷೆ ಸಿಗುತ್ತದೆ. ಆಸಕ್ತರು ತೆರೆದು ನೋಡಿ. ನಾನು ಅದನ್ನು ಮುದ್ರಿಸಿ ಮೊಮ್ಮಗನಿಗೆ ಕೊಟ್ಟಿದ್ದೇನೆ, ಅವನು ಗಿಟಾರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ.