ಹೊಸ ನಾಯಕ, ಒಂದು ಚೀಲ ಗೊಬ್ಬರ

1991ರ ಜೂನ್ 21. ಮೃಗಶಿರಾ ಮಳೆ ಮುಗಿದು ಆರಿದ್ರಾ ಹೂಡುವ ಹೊತ್ತು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಆಗಿನ್ನೂ ಧಾರವಾಡ ಜಿಲ್ಲೆಯ ತಾಲೂಕುಗಳು. ಇಲ್ಲಿ ರೈತರು ಬಿತ್ತನೆಯ ಗಡಿಬಿಡಿಯಲ್ಲಿದ್ದರೆ, ಅತ್ತ ದೆಹಲಿಯಲ್ಲಿ ಪಿ.ವಿ. ನರಸಿಂಹರಾವ್ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ತಿಂಗಳ ಹಿಂದಷ್ಟೇ ರಾಜೀವ್ ಗಾಂಧಿಯವರ ಹತ್ಯೆಯಾಗಿತ್ತು. ಮೊದಲೇ ಸಾಲದ ಹೊರೆ, ಅದರ ಮೇಲೆ ಕೊಲ್ಲಿ ಯುದ್ಧದಿಂದ ಏರಿದ ತೈಲದ ಬೆಲೆ. ದೇಶದ ಬಳಿ ಉಳಿದಿದ್ದ ವಿದೇಶಿ ವಿನಿಮಯ ಸುಮಾರು ಎರಡು ವಾರಗಳ ಆಮದಿಗೆ ಮಾತ್ರ ಸಾಲುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದ ನಾಯಕನಿಂದ ಜನ ಏನನ್ನು ಬಯಸುತ್ತಾರೆ? ಡಾಲರಿನ ಲೆಕ್ಕ ನಮ್ಮ ಸಂತೆಗಳಿಗೆ ತಿಳಿಯದು. ಆದರೆ ಮಣ್ಣಿನ ಹದ ಆರುವ ಮುನ್ನ ಬೀಜ, ಗೊಬ್ಬರ ಕೈಗೆ ಬರಬೇಕೆಂಬುದು ತಿಳಿದಿದೆ. ಅದಕ್ಕೂ ಹೆಚ್ಚೆಂದರೆ ಎರಡು ವಾರಗಳ ಗಡುವು. ನಮ್ಮ ಮನೆಗಳ ಉರ್ದುವಿನಲ್ಲಿ ಬಸುರಿಯನ್ನು 'ಉಮೀದ್ ಸೆ ಹೈ' ಎನ್ನುತ್ತಾರೆ. ನಿರೀಕ್ಷೆಗೂ ದಿನ ತುಂಬುವುದೊಂದಿದೆ ಎಂಬುದನ್ನು ಆ ಮಾತು ಬಲ್ಲದು.

ರಾವ್ ಸರ್ಕಾರ ತಡಮಾಡಲಿಲ್ಲ. ಜುಲೈ 1 ಮತ್ತು 3ರಂದು ರೂಪಾಯಿಯ ಅಪಮೌಲ್ಯವಾಯಿತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಅಡವು ಹೋಯಿತು. ಇದು ನಮ್ಮವರಿಗೆ ಹೊಸತೇನಲ್ಲ. ಮಡದಿಯ ತಾಳಿಯನ್ನೋ ಕರಿಮಣಿಯ ಲಚ್ಚಾವನ್ನೋ ಒತ್ತೆಯಿಟ್ಟು ಬೀಜ ತಂದ ಮನೆಗಳು ಇಲ್ಲಿ ಊರೂರಿಗೂ ಇವೆ. ಜುಲೈ 24ರಂದು ಅರ್ಥಸಚಿವ ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ಟು ರಸಗೊಬ್ಬರದ ಬೆಲೆಯನ್ನು ಸರಾಸರಿ ಶೇ. 40ರಷ್ಟು ಏರಿಸಿತು. ವಿರೋಧ ಎದ್ದ ಮೇಲೆ ಅದು ಶೇ. 30ಕ್ಕೆ ಇಳಿಯಿತು, ಸಣ್ಣ ರೈತರಿಗೆ ವಿನಾಯಿತಿಯೂ ಸಿಕ್ಕಿತು. ಆದರೆ 1992ರ ಆಗಸ್ಟಿನಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿದ್ದ ನಿಯಂತ್ರಣವೇ ಹೋಯಿತು. ಡಿಎಪಿ ತುಟ್ಟಿಯಾಯಿತು, ಯೂರಿಯಾ ಅಗ್ಗವಾಗಿ ಉಳಿಯಿತು. ರೈತ ಅಗ್ಗದ್ದರ ಕಡೆಗೇ ವಾಲಿದ, ಹೊಲದ ಮಣ್ಣು ಸಮತೋಲ ಕಳೆದುಕೊಂಡಿತು.

ಬಿಕ್ಕಟ್ಟು ಕಳೆಯಿತು, ಬೊಕ್ಕಸ ತುಂಬಿತು. ಇದನ್ನು ಒಪ್ಪದಿದ್ದರೆ ರಾವ್ ಅವರಿಗೆ ಅನ್ಯಾಯ ಮಾಡಿದಂತೆ. ಆದರೆ ಜನ ನಾಯಕನಿಂದ ಅನ್ನವನ್ನಷ್ಟೇ ಬಯಸುವುದಿಲ್ಲ, ಅಭಯವನ್ನೂ ಬಯಸುತ್ತಾರೆ. 1992ರ ಡಿಸೆಂಬರ್ 6ರಂದು ಬಾಬ್ರಿ ಮಸೀದಿ ಉರುಳಿದಾಗ ಆ ನಿರೀಕ್ಷೆಯೂ ಉರುಳಿತು. ಹೈದರಾಬಾದ್ ಸೀಮೆಯಲ್ಲಿ ಬೆಳೆದು ಉರ್ದುವನ್ನು ಚೆನ್ನಾಗಿ ಬಲ್ಲ ಪ್ರಧಾನಿಯ ಕಾಲದಲ್ಲೇ ಹೀಗಾಯಿತಲ್ಲ ಎಂಬ ನೋವು ನಮ್ಮಲ್ಲಿ ಬಹಳ ದಿನ ಉಳಿಯಿತು.

1997ರಲ್ಲಿ ಈ ನಾಲ್ಕೂ ತಾಲೂಕುಗಳು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. 2008ರಲ್ಲಿ ಮತ್ತೊಬ್ಬ ಹೊಸ ನಾಯಕ ಬಂದರು, ಈ ಸಲ ಬೆಂಗಳೂರಿನಲ್ಲಿ. ಮೇ 30ರಂದು ಬಿ.ಎಸ್. ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿ ಮುಖ್ಯಮಂತ್ರಿಯಾದರು. ಆ ವರ್ಷ ಜಗತ್ತಿನ ಮಾರುಕಟ್ಟೆಯಲ್ಲೇ ತೈಲ, ಗೊಬ್ಬರಗಳ ಬೆಲೆ ಗಗನಕ್ಕೇರಿತ್ತು. ಇಲ್ಲಿ ಮೃಗಶಿರಾ ಮಳೆಯ ಹೊತ್ತಿಗೆ ಗೊಬ್ಬರ ಸಿಗಲಿಲ್ಲ. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದವರ ಮೇಲೆ ಗೋಲಿಬಾರ್ ನಡೆಯಿತು. ಇಬ್ಬರು ರೈತರು ಪ್ರಾಣ ತೆತ್ತರು. ಪ್ರಮಾಣವಚನಕ್ಕೂ ಗುಂಡಿಗೂ ನಡುವೆ ಇದ್ದದ್ದು ಹನ್ನೊಂದೇ ದಿನ.

ಹೊಸ ನಾಯಕ ಬಂದಾಗಲೆಲ್ಲ ನಾವು ಅವರ ಭಾಷಣ, ಉಡುಪು, ಕುಲಗೋತ್ರ ಎಲ್ಲವನ್ನೂ ಚರ್ಚಿಸುತ್ತೇವೆ. ಕೇಳಬೇಕಾದ ಪ್ರಶ್ನೆ ಮಾತ್ರ ಸಣ್ಣದು: ಹದ ಆರುವ ಮುನ್ನ ಗೊಬ್ಬರ ಊರಿಗೆ ಬಂತೇ? ಅದನ್ನು ಕೇಳಲು ಹೋದವನು ಜೀವಂತವಾಗಿ ಮನೆಗೆ ಮರಳಿದನೇ? ದೆಹಲಿಯ ಎರಡು ವಾರಗಳ ಹಣ ಇಂದು ಎಷ್ಟೋ ತಿಂಗಳುಗಳಿಗಾಗುವಷ್ಟು ಬೆಳೆದಿದೆ. ನಮ್ಮ ಹೊಲಗಳಿಗಿರುವ ಗಡುವು ಅಂದಿನಷ್ಟೇ ಇದೆ.