ಅಟ್ಟ ಹತ್ತಿದ ಡಬ್ಬಾ ಟೀವಿ

ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಕಡೆಯ ಹಳೇ ಮನೆಗಳಿಗೆ ಹೋದ್ರೆ ಅಟ್ಟದ ಮೇಲೋ, ಕೊಟ್ಟಿಗೆ ಮೂಲೆಯಲ್ಲೋ ಗೋಣಿಚೀಲ ಹೊದ್ದುಕೊಂಡ ಒಂದು ವಸ್ತು ಕಾಣಬಹುದು. ಹಳೇ ಡಬ್ಬಾ ಟೀವಿ! ನಮ್ಮ ಕಡೆ ಟೀವಿ ಬಂದ ಕಥೆಯನ್ನು ಹಿರಿಯರು ಎಷ್ಟು ಸಲ ಬೇಕಾದ್ರೂ ಹೇಳ್ತಾರೆ. ಅದು ಮನೆಯಿಂದ ಹೋಗೋ ಕಥೆ ಮಾತ್ರ ಯಾರೂ ಹೇಳಲ್ಲ. ಯಾಕಂದ್ರೆ ಅದು ಹೋಗೇ ಇಲ್ಲ :-)

ಮೊದಲು ಬಂದ ಕಥೆ. ದೆಹಲಿಯಲ್ಲಿ ಟೀವಿ ಪ್ರಸಾರ ಶುರುವಾಗಿದ್ದು 1959ರ ಸೆಪ್ಟೆಂಬರ್ 15ರಂದು. ಕರ್ನಾಟಕದ ಹಳ್ಳಿಗಳು ಅದನ್ನು ನೋಡಿದ್ದು 1975-76ರ 'ಸೈಟ್' ಪ್ರಯೋಗದಲ್ಲಿ. ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತೋರಿಸಿದ್ರು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆಯವರದ್ದು. ಬೆಂಗಳೂರು ದೂರದರ್ಶನ ಬಂದಿದ್ದು 1981ರಲ್ಲಿ, ಬಣ್ಣ ಬಂದಿದ್ದು 1982ರಲ್ಲಿ.

ಮಲೆನಾಡಿಗೆ ಗುಡ್ಡಗಳದ್ದೇ ಅಡ್ಡಿ. ಮನೆ ಇರೋದು ಕಣಿವೆಯಲ್ಲಿ, ಸಿಗ್ನಲ್ ಸಿಗೋದು ಗುಡ್ಡದ ತಲೆಯಲ್ಲಿ. ಹಾಗಾಗಿ ಗುಡ್ಡದ ಮೇಲೆ ಆಂಟೆನಾ ನೆಟ್ಟು, ಬೂಸ್ಟರ್ ಹಾಕಿ, ಕಾಡಿನ ನಡುವೆ ವೈರ್ ಎಳೆದು ಕೆಳಗೆ ತರ್ತಿದ್ರು. ಗಾಳಿಗೆ ಆಂಟೆನಾ ತಿರುಗಿದ್ರೆ ಒಬ್ಬ ಗುಡ್ಡ ಹತ್ತಬೇಕು, ಇನ್ನೊಬ್ಬ ಅಂಗಳದಿಂದ 'ಬಂತೂ... ಹೋಯ್ತೂ...' ಅಂತ ಕೂಗಬೇಕು. 1987ರಲ್ಲಿ ಶುರುವಾದ ರಾಮಾಯಣಕ್ಕೆ, ಅದರ ಹಿಂದೆ ಬಂದ ಮಹಾಭಾರತಕ್ಕೆ ಟೀವಿ ಇದ್ದ ಮನೆ ಜಗಲಿ ತುಂಬಾ ಜನ. ಶಂಕರ್‌ನಾಗ್ ಇಲ್ಲೇ ಪಕ್ಕದ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಕೂಡ ದೇಶ ಸುತ್ತಿ ಅದೇ ಡಬ್ಬಾದೊಳಗೆ ಬಂತು. ಗುಡುಗು ಶುರುವಾದ್ರೆ ಸಾಕು, ಎಲ್ಲರಿಗಿಂತ ಮೊದಲು ಟೀವಿಯ ವೈರ್ ಕೀಳೋದು. ಅಷ್ಟು ಜೋಪಾನ!

ಅಂಥ ವಸ್ತುವನ್ನು ಹೊರಗೆ ಹಾಕೋದು ಯಾಕಿಷ್ಟು ಕಷ್ಟ? ಮೊದಲ ಕಾರಣ ತೂಕ. 21 ಇಂಚಿನ ಟೀವಿ ಇಪ್ಪತ್ತು ಕೆಜಿಗೂ ಮೇಲೆ, 29 ಇಂಚಿನದ್ದಾದ್ರೆ ನಲವತ್ತರ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಜೇ. ಪಿಕ್ಚರ್ ಟ್ಯೂಬ್ ಒಳಗೆ ಗಾಳಿ ಇರಲ್ಲ. ಹೊರಗಿನ ಗಾಳಿ 21 ಇಂಚಿನ ಪರದೆಯನ್ನು ಒಂದು ಟನ್‌ಗಿಂತ ಹೆಚ್ಚಿನ ಭಾರದಲ್ಲಿ ಒತ್ತುತ್ತಿರತ್ತೆ. ಅದನ್ನು ತಡೆಯೋಕೆ ಗಾಜು ದಪ್ಪ ಇರಲೇಬೇಕು. ಇನ್ನು ಕಲರ್ ಟೀವಿ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ಸುಮಾರು 25,000 ವೋಲ್ಟ್ ಬಲದಲ್ಲಿ ಪರದೆಗೆ ಬಡಿಯೋದ್ರಿಂದ ಸ್ವಲ್ಪ ಎಕ್ಸ್-ರೇ ಹುಟ್ಟತ್ತೆ. ಅದು ಹೊರಗೆ ಬರದಿರಲಿ ಅಂತ ಹಿಂದಿನ ಆಲಿಕೆಯಾಕಾರದ ಗಾಜಿಗೆ ಸೀಸ ಬೆರೆಸ್ತಿದ್ರು. ಆ ಗಾಜಿನ ಐದನೇ ಒಂದು ಭಾಗದಷ್ಟು ಸೀಸದ ಆಕ್ಸೈಡ್! ಟೀವಿ ನೋಡೋವಾಗ ನಮ್ಮನ್ನು ಕಾಪಾಡಿದ್ದೇ ಅದು. ಟೀವಿ ಸತ್ತ ಮೇಲೆ ಅದೇ ತಲೆನೋವು.

ಎರಡನೇ ಕಾರಣ ನನಗೆ ಇನ್ನೂ ಮುಖ್ಯ ಅನ್ನಿಸತ್ತೆ. ನಮ್ಮ ಮನೆಗಳಲ್ಲಿ ಅದಕ್ಕೆ ಮುಂಚೆ ಇದ್ದ ಪ್ರತಿ ವಸ್ತುವಿಗೂ ಒಂದು ಕೊನೆ ಇತ್ತು. ತೂತು ಬಿದ್ದ ತಾಮ್ರದ ಹಂಡೆಯನ್ನು ಪಾತ್ರೆ ಅಂಗಡಿಯವರು ತೂಕಕ್ಕೆ ತಗೊಳ್ತಿದ್ರು. ಗೊರಬು ಹಾಳಾದ್ರೆ ಗೊಬ್ಬರದ ಗುಂಡಿಗೆ, ಅಡಿಕೆ ದಬ್ಬೆ ಒಲೆಗೆ, ಹಳೇ ಸೀರೆ ಕೌದಿಗೆ. ಎಲ್ಲಾ ಊರೊಳಗೇ ಮುಗೀತಿತ್ತು. ಊರೊಳಗೆ ಮುಗಿಸೋಕೆ ಆಗದ ಮೊದಲ ದೊಡ್ಡ ವಸ್ತು ಬಹುಶಃ ಈ ಟೀವಿಯೇ.

ಗುಜರಿಯವರಿಗೆ ಕೊಟ್ರೆ? ಅವರಿಗೆ ಬೇಕಾದ್ದು ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ. ತಾಮ್ರ ತಗೊಂಡು ಗಾಜನ್ನು ಒಡೆದು ಬಿಟ್ರೆ ಮುಗೀತು, ಅದು ರಸ್ತೆ ಪಕ್ಕಕ್ಕೋ ಹಳ್ಳಕ್ಕೋ ಬೀಳತ್ತೆ. ನಮ್ಮ ಮಳೆ ಗೊತ್ತಲ್ಲ! ಹಳ್ಳಕ್ಕೆ ಬಿದ್ದದ್ದು ತುಂಗೆಗೆ. ಮಠದ ಹತ್ತಿರ ನಾವು ಮಂಡಕ್ಕಿ ಹಾಕೋ ಮೀನುಗಳು ಇರೋದು ಅದೇ ನೀರಲ್ಲಿ. ಅಟ್ಟದ ಮೇಲೆ ಇಡಿಯಾಗಿ ಕೂತ ಟೀವಿಯಿಂದ ಸೀಸ ಹೊರಗೆ ಬರಲ್ಲ. ಒಡೆದು ಪುಡಿಯಾದಷ್ಟೂ ಅದು ಮಣ್ಣಿಗೆ, ನೀರಿಗೆ ಸೇರೋದು ಸುಲಭ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕೆಟ್ಟದ್ದು ಅಂತ ಬೇರೆ ಹೇಳಬೇಕಿಲ್ಲ.

ಈ ಗಾಜಿಗೂ ಒಂದು ಕಾಲದಲ್ಲಿ ದಾರಿ ಇತ್ತು. ಹಳೇ ಟ್ಯೂಬಿನ ಗಾಜು ಕರಗಿಸಿ ಹೊಸ ಟ್ಯೂಬ್ ಮಾಡ್ತಿದ್ರು. ಗುಜರಾತಿನ ಭರೂಚ್‌ನ ವಿಡಿಯೋಕಾನ್ ಕಾರ್ಖಾನೆಗೆ ಅಮೆರಿಕದಿಂದಲೂ ಹಳೇ ಗಾಜು ಬರ್ತಿತ್ತು. ಆದ್ರೆ ಚಪ್ಪಟೆ ಟೀವಿ ಬಂದು ಹೊಸ ಟ್ಯೂಬ್ ಕೇಳೋರೇ ಇಲ್ಲದಾದಾಗ, 2010ರ ದಶಕದಲ್ಲಿ ಆ ಬಾಗಿಲೂ ಮುಚ್ಚಿತು. ಅಂದ್ರೆ ಜಗತ್ತೆಲ್ಲಾ ಒಟ್ಟಿಗೇ ಡಬ್ಬಾ ಟೀವಿ ಹೊರಗಿಡೋ ಹೊತ್ತಿಗೆ ಸರಿಯಾಗಿ ಅದನ್ನು ತಗೊಳ್ಳೋರು ಇಲ್ಲವಾದ್ರು!

ಕಾನೂನು ಬಂದಿದ್ದು ತಡ. ಇ-ತ್ಯಾಜ್ಯ ಬಿಚ್ಚಿ ಬೇರ್ಪಡಿಸೋ ಕೆಲಸದಲ್ಲಿ ದೇಶಕ್ಕೇ ಮೊದಲಿನದ್ದು ಅನ್ನಿಸಿಕೊಂಡ 'ಇ-ಪರಿಸರ' ಘಟಕ 2005ರಲ್ಲಿ ಬೆಂಗಳೂರಿನ ಆಚೆ ದಾಬಸ್‌ಪೇಟೆಯಲ್ಲಿ ಶುರುವಾಯ್ತು. ಇ-ತ್ಯಾಜ್ಯ ನಿಯಮಗಳು ಪ್ರಕಟವಾಗಿದ್ದು 2011ರಲ್ಲಿ, ಜಾರಿಗೆ ಬಂದಿದ್ದು 2012ರ ಮೇ 1ರಿಂದ. ಮಾಡಿ ಮಾರಿದವರೇ ಹಳೇದಕ್ಕೂ ಜವಾಬ್ದಾರರು ಅನ್ನೋ ಮಾತು ಅದರಲ್ಲಿದೆ. 2016ರಲ್ಲಿ, ಮತ್ತೆ 2022ರಲ್ಲಿ ಅದನ್ನು ತಿದ್ದಿ ಬರೆದ್ರು. 2022ರ ನಿಯಮದ ಕೆಳಗೆ ಕಂಪನಿಗಳು ತೋರಿಸಬೇಕಾದ ಲೆಕ್ಕ ಶುರುವಾಗಿದ್ದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂಗಳಿಂದ. ಸೀಸದ ಗಾಜು ಆ ಪಟ್ಟಿಯಲ್ಲಿ ಇರಲಿಲ್ಲ. ಗುಜರಿಯವರ ತಕ್ಕಡಿಗೂ ಇದಕ್ಕೂ ಎಷ್ಟು ವ್ಯತ್ಯಾಸ, ನೀವೇ ಹೇಳಿ.

ಈಗ ಮಾಡೋದೇನು? ಒಡೆಯದೆ ಇಡಿಯಾಗಿಡಿ, ಬಿಡಿಬಿಡಿಯಾಗಿ ಮಾರಬೇಡಿ. ಕೊಡೋದಾದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದ್ದವರಿಗೇ ಕೊಡಿ. ಆದ್ರೆ ಬರೀ ವಯಸ್ಸಾದವರೇ ಇರೋ ಮನೆಯಿಂದ ಇಪ್ಪತ್ತು ಕೆಜಿ ಗಾಜು ಹೊತ್ತು ಬೆಂಗಳೂರಿಗೆ ತಲುಪಿಸೋರು ಯಾರು? ಒಂದು ಟೀವಿಗಾಗಿ ಯಾರೂ ಗಾಡಿ ಕಳಿಸಲ್ಲ. ನೂರು ಟೀವಿ ಒಂದೇ ಕಡೆ ಸೇರಿದ್ರೆ ಕಳಿಸಬಹುದು. ನಮ್ಮ ಅಡಿಕೆ ಮೂಟೆ ಪ್ರತಿ ವರ್ಷ ಮನೆಬಾಗಿಲಿಂದ ಶಿವಮೊಗ್ಗ ಮಂಡಿ ತನಕ ಹೋಗತ್ತೆ. ತಾಲ್ಲೂಕಿಗೆ ವರ್ಷಕ್ಕೊಂದು ದಿನ ಗೊತ್ತು ಮಾಡಿ, ಅದೇ ಥರ ಒಂದು ಲಾರಿಯಲ್ಲಿ ಇವನ್ನೂ ಕಳಿಸೋಕೆ ಆಗಲ್ವಾ? ಗುಡ್ಡದ ಮೇಲಿಂದ ಮನೆ ತನಕ ವೈರ್ ಎಳೆದ ಊರಿಗೆ ಇದು ದೊಡ್ಡ ಕೆಲಸ ಅಲ್ಲ ಅಂತ ನನ್ನ ನಂಬಿಕೆ.

ನಿಮ್ಮೂರಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ದಯವಿಟ್ಟು ತಿಳಿಸಿ, ಊರಲ್ಲಿ ಹೇಳ್ತೀನಿ.