ಕೋಲಾರ ಸೀಮೆಯ ಹೆದ್ದಾರಿಯೂ ಅದರ ಛತ್ರಗಳೂ

ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹಳೆಯ ರಸ್ತೆಯು ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲುಗಳನ್ನು ಹಾದು ನಂಗಲಿಯ ಬಳಿ ಮೈಸೂರು ಸೀಮೆಯನ್ನು ಬಿಡುತ್ತಿದ್ದಿತು. ಹೊರೆ ಹೇರಿದ ಎತ್ತಿನ ಬಂಡಿಯು ದಿನಕ್ಕೆ ನಾಲ್ಕೈದು ಹರದಾರಿಗಿಂತ ಹೆಚ್ಚು ನಡೆಯಲಾರದು. ಕೋಲಾರದಿಂದ ಮುಳಬಾಗಿಲಿಗೆ ಸುಮಾರು 18 ಮೈಲಿ, ಎಂದರೆ ಆರು ಹರದಾರಿ. ಬೆಳಗಿನ ಜಾವಕ್ಕೆ ನೊಗ ಹೂಡಿದರೂ ದೀಪ ಹೊತ್ತಿಸುವ ವೇಳೆಗೆ ಊರು ಮುಟ್ಟುವುದು ಕಷ್ಟವಾಗಿದ್ದಿತು. ಬಂಡಿಯನ್ನು ಎಲ್ಲಿ ಬಿಡಬೇಕೆಂಬುದು ಪ್ರಯಾಣಿಕನಿಗೆ ಸಣ್ಣ ಪ್ರಶ್ನೆಯಲ್ಲ.

ಅದರ ಉತ್ತರವನ್ನು ಬಹುಮಟ್ಟಿಗೆ ನೀರೇ ಹೇಳುತ್ತಿದ್ದಿತು. ವರ್ಷವಿಡೀ ಹರಿಯುವ ನದಿ ಈ ಸೀಮೆಯಲ್ಲಿಲ್ಲ. ಪಾಲಾರು ವರ್ಷದ ಬಹುಭಾಗ ಮರಳಾಗಿಯೇ ಇರುವುದು. ಕೆರೆ, ಕಲ್ಯಾಣಿ, ಸಿಹಿನೀರಿನ ಬಾವಿಗಳಿದ್ದ ಕಡೆಯಲ್ಲಿಯೇ ತೋಪು, ತೋಪಿನ ಮಗ್ಗುಲಲ್ಲಿ ಮಂಟಪ, ಕಾಲಾಂತರದಲ್ಲಿ ಛತ್ರ. ದಾರಿಹೋಕರಿಗೆ ನೀರೆರೆಯುವ ಸ್ಥಳವನ್ನು ಹಳಗನ್ನಡದವರು ಅರವಂಟಿಗೆಯೆಂದು ಕರೆದರು. ಇಂದಿನ ಅರವಟ್ಟಿಗೆ ಅದರ ರೂಪಾಂತರ. ಇಲ್ಲಿನ ‘ಅರ’ವೆಂದರೆ ಧರ್ಮವೇ. ಬಾಯಾರಿದವನಿಗೆ ನೀರು ಕೊಡುವುದಕ್ಕೆ ನಮ್ಮ ಹಿರಿಯರಿಗೆ ಬೇರೆ ಹೆಸರು ಬೇಕೆನಿಸಲಿಲ್ಲ.

ಈ ದಾರಿಯ ತಂಗುದಾಣಗಳಲ್ಲಿ ಮುಳಬಾಗಿಲಿಗೆ ಮೊದಲ ಸ್ಥಾನ ಸಲ್ಲುವುದು. ಮೂಡಲ ಬಾಗಿಲು ಎಂಬುದೇ ಅದರ ಹೆಸರಿನ ಅರ್ಥವೆಂದು ಹೇಳುವರು. ಬುಕ್ಕರಾಯನ ಮಗನಾದ ಕಂಪಣನು ಇಲ್ಲಿಂದ ಆಳಿ, ದಕ್ಷಿಣಕ್ಕೆ ಮಧುರೆಯವರೆಗೆ ದಂಡೆತ್ತಿ ಹೋದನು. ಸೈನ್ಯಗಳು ಹೋದ ದಾರಿಯಲ್ಲಿಯೇ ಯಾತ್ರಿಕರೂ ನಡೆದರು. ತಿರುಪತಿಗೆ ಹೊರಟವರು ಇಲ್ಲಿಯ ನರಸಿಂಹತೀರ್ಥದಲ್ಲಿ ಮಿಂದು, ಆಂಜನೇಯನ ದರ್ಶನ ಮಾಡಿ ಮುಂದುವರಿಯಬೇಕೆಂಬುದು ಸಂಪ್ರದಾಯ. ಶ್ರೀಪಾದರಾಜರ ವೃಂದಾವನವಿರುವುದೂ ಆ ತೀರ್ಥದ ಬಳಿಯಲ್ಲಿಯೇ. ಹೀಗೆ ಒಂದು ರಾತ್ರಿಯ ತಂಗುವಿಕೆಯು ಯಾತ್ರೆಯ ವಿಧಿಯಾಗಿ ಹೋಯಿತು. ತಿರುಪತಿಯ ಯಾತ್ರೆಯು ಶ್ರೀನಿವಾಸಪುರಕ್ಕೆ ಹೆಸರನ್ನೇ ಕೊಟ್ಟಿತು: ಮೊದಲು ಪಾಪನಪಲ್ಲಿಯಾಗಿದ್ದ ಆ ಊರಿಗೆ ದಿವಾನ್ ಪೂರ್ಣಯ್ಯನವರು ಯಾತ್ರೆಯಿಂದ ಹಿಂದಿರುಗುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟರೆಂದು ಮೈಸೂರು ಗೆಜೆಟಿಯರು ಹೇಳುವುದು.

ದಾರಿಯ ಭಯವೂ ಅಲ್ಪವಾಗಿರಲಿಲ್ಲ. 1816ರಲ್ಲಿ ಮದರಾಸಿನ ಶೆರ್ವುಡ್ ಎಂಬ ವೈದ್ಯನು ಫಾಂಸಿಗರರೆಂಬ ಕೊಲೆಗಡುಕರ ವಿಷಯವಾಗಿ ಬರೆದನು. ಇವರು ಕತ್ತಲಲ್ಲಿ ಮೇಲೆ ಬೀಳುವ ಕಳ್ಳರಲ್ಲ. ಯಾತ್ರಿಕರ ವೇಷದಿಂದ ಜೊತೆಗೂಡಿ, ಸ್ನೇಹ ಬೆಳೆಸಿ, ಸಮಯ ನೋಡಿ ವಸ್ತ್ರದಿಂದ ಕೊರಳು ಬಿಗಿಯುವವರು. ಇಂತಹ ಕಾಲದಲ್ಲಿ ನಾಲ್ಕು ಜನರಿದ್ದು ದೀಪ ಉರಿಯುವ ಛತ್ರದ ಜಗಲಿಗೆ ಎಷ್ಟು ಬೆಲೆಯಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಆದರೆ ಆ ಜಗಲಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಅನೇಕ ಛತ್ರಗಳಲ್ಲಿ ಒಳಗಿನ ಪಂಕ್ತಿ ಬ್ರಾಹ್ಮಣರದು. ಇತರರಿಗೆ ಹೊರಜಗಲಿಯೂ ಹಸಿ ಅಕ್ಕಿಬೇಳೆಯೂ ಲಭಿಸಿದರೆ ಭಾಗ್ಯ. ಅಸ್ಪೃಶ್ಯರೆನಿಸಿದವರು ಬಾವಿಯ ಹತ್ತಿರವೂ ಸುಳಿಯುವಂತಿರಲಿಲ್ಲ. ಬೇರೆಯವರು ಸೇದಿ ಎರೆಯುವವರೆಗೆ ಕಾದು, ಮರದಡಿಯಲ್ಲಿಯೇ ರಾತ್ರಿ ಕಳೆಯಬೇಕಾಗಿದ್ದಿತು. ಮುಂದೆ ಬ್ರಿಟಿಷರು ಕಟ್ಟಿಸಿದ ಪ್ರಯಾಣಿಕರ ಬಂಗಲೆಗಳಾದರೋ ದೊರೆಗಳಿಗೂ ಅಧಿಕಾರಿಗಳಿಗೂ ಮೀಸಲಾದಂತಿದ್ದುವು. ಛತ್ರಗಳ ಔದಾರ್ಯವನ್ನು ಕೊಂಡಾಡುವಾಗ ಈ ಮಾತನ್ನು ಬಿಟ್ಟುಬಿಡುವುದು ಚರಿತ್ರೆಗೆ ನ್ಯಾಯವಲ್ಲ.

1800ರಲ್ಲಿ ಮದರಾಸಿನಿಂದ ಬಂದ ಫ್ರಾನ್ಸಿಸ್ ಬುಕಾನನ್ ಈ ಹೆದ್ದಾರಿಯನ್ನು ಹಿಡಿಯದೆ, ಪೆದ್ದನಾಯಕನದುರ್ಗದ ಕಣಿವೆಯನ್ನೇರಿ ಬೇತಮಂಗಲದ ದಾರಿಯಾಗಿ ಬೆಂಗಳೂರನ್ನು ಸೇರಿದನು. ಪಾಲಾರಿನ ಕೆರೆಯ ಬದಿಯ ಆ ಊರು ಅಂದು ಮುಖ್ಯ ತಂಗುದಾಣ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಿತು, ಮಾಲೂರು ನಿಲ್ದಾಣವಾಯಿತು, ಕಮಿಷನರ್ ಬೌರಿಂಗನ ಹೆಸರಿನ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆ, ತಲೆಯೆತ್ತಿತು. ಬೇತಮಂಗಲದ ವ್ಯಾಪಾರವು ಹಳಿಯ ಕಡೆಗೆ ಸರಿಯಿತು. ಕೋಲಾರಕ್ಕೆ ಸಣ್ಣ ರೈಲು ಬಂದುದು 1913ರಲ್ಲಿ. ಮದರಾಸಿಗೆ ಹಲವು ದಿನ ನಡೆಯುತ್ತಿದ್ದವನು ಒಂದೇ ರಾತ್ರಿಯಲ್ಲಿ ಕುಳಿತೇ ಹೋಗುವಂತಾದ ಮೇಲೆ ನಡುವಿನ ಛತ್ರಗಳಿಗೆ ಅತಿಥಿಗಳೆಲ್ಲಿಂದ ಬರಬೇಕು?

ಆದರೂ ಅವುಗಳ ಒಲೆ ಒಮ್ಮೆಗೇ ಆರಲಿಲ್ಲ. ದಾನಿಗಳು ಬಿಟ್ಟ ಇನಾಂ ಭೂಮಿಗಳ ಹುಟ್ಟುವಳಿಯು ಅನ್ನವನ್ನು ನಡೆಸುತ್ತಿದ್ದಿತು. ಅನೇಕ ಛತ್ರಗಳು ಮುಜರಾಯಿ ಇಲಾಖೆಯ ಆಡಳಿತದಲ್ಲಿದ್ದುವು. 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದಿಯ ಶಾಸನದಿಂದ ಆ ಭೂಮಿಗಳು ಸರಕಾರಕ್ಕೆ ಸೇರಿ, ಸಂಸ್ಥೆಗಳಿಗೆ ವರ್ಷಾಶನ ಗೊತ್ತಾಯಿತು. ನೆಲವನ್ನು ಉಳುತ್ತಿದ್ದ ಗೇಣಿದಾರನಿಗೆ ಇದು ನ್ಯಾಯವೇ ಸರಿ. ಆದರೆ ಅಕ್ಕಿಯ ಬೆಲೆ ಏರಿದಂತೆ ಗೊತ್ತಾದ ಹಣ ಏರುವುದಿಲ್ಲ.

ಇಂದು ಅದೇ ದಾರಿ 75ನೆಯ ರಾಷ್ಟ್ರೀಯ ಹೆದ್ದಾರಿ. ಕೋಲಾರದ ಮಾರುಕಟ್ಟೆಯ ಟೊಮೆಟೊವೂ ಶ್ರೀನಿವಾಸಪುರದ ಮಾವೂ ರಾತ್ರಿಯ ತಂಪಿನಲ್ಲಿ ಲಾರಿಗಳ ಮೇಲೆ ಮೂಡಲಿಗೆ ಸಾಗುವುವು. ಕಾರಿನಲ್ಲಿ ಹೋಗುವವರಿಗೆ ಮುಳಬಾಗಿಲೆಂದರೆ ಈಗ ತುಪ್ಪದ ದೋಸೆಯ ನಿಲುಗಡೆ; ನರಸಿಂಹತೀರ್ಥವನ್ನು ನೆನೆಯುವವರು ವಿರಳ. ಚಾಲಕನು ಮಾತ್ರ ಪೆಟ್ರೋಲ್ ಬಂಕಿನ ಅಂಗಳದಲ್ಲಿಯೋ ಡಾಬಾದ ಮುಂದೆಯೋ ಲಾರಿ ನಿಲ್ಲಿಸುವನು. ಅಲ್ಲಿ ಅವನು ಮೊದಲು ನೋಡುವುದು ನೀರಿನ ತೊಟ್ಟಿಯನ್ನು, ಆಮೇಲೆ ಉರಿಯುವ ದೀಪವನ್ನು. ಮುಖ ತೊಳೆದು, ಚಹಾ ಕುಡಿದು, ಲಾರಿಯ ಅಡಿಯಲ್ಲಿ ಚಾಪೆ ಬಿಚ್ಚಿದನೆಂದರೆ ನಾಲ್ಕು ತಾಸಿನ ನಿದ್ರೆ.